ಕಲ್ಲಿಗೆ ಮೊದಲು ಹೆಸರು ಸರಿಯಾಗಲಿ

ಮಾನ್ಯ ಸಂಪಾದಕರೇ,

ಕಾರ್ಗಿಲ್ ವಿಜಯ ದಿನ ಬಂತೆಂದರೆ ಮಂಗಳೂರಿನ ಕದ್ರಿ ಗುಡ್ಡೆಯ ಯುದ್ಧ ಸ್ಮಾರಕಕ್ಕೂ ಉಡುಪಿ ಅಜ್ಜರಕಾಡಿನ ಹುತಾತ್ಮ ಸ್ಮಾರಕಕ್ಕೂ ಪುಷ್ಪಚಕ್ರ ಏರುತ್ತದೆ, ಮರುದಿನ ಪತ್ರಿಕೆಯಲ್ಲಿ ಫೋಟೊ ಬರುತ್ತದೆ. ಅದು ಆಗಬೇಕಾದದ್ದೇ. ಆದರೆ ಹದಿನೇಳೋ ಇಪ್ಪತ್ತನಾಲ್ಕೋ ವರ್ಷ ಸೇವೆ ಮಾಡಿ, ಕಪ್ಪು ಟ್ರಂಕು ಹೊತ್ತು ಊರಿಗೆ ಮರಳಿ, ಪಿಂಚಣಿ ಉಂಡು, ತಮ್ಮ ಮನೆಯ ಚಾವಡಿಯಲ್ಲೇ ಕಣ್ಣು ಮುಚ್ಚಿದವರು ಈ ಎರಡು ಜಿಲ್ಲೆಗಳಲ್ಲಿ ಕಾಳಗದಲ್ಲಿ ಮಡಿದವರಿಗಿಂತ ಎಷ್ಟೋ ಪಾಲು ಹೆಚ್ಚು. ಅವರಿಗೂ ಒಂದು ಪಟ್ಟಿ, ಒಂದು ಕಲ್ಲು, ಒಂದು ದಿನ ಬೇಕೆಂದು ಈಚೆಗೆ ಮಾಜಿ ಸೈನಿಕರ ಸಂಘಗಳು, ಪಂಚಾಯತ್‌ಗಳು, ಯುವಕ ಮಂಡಲಗಳು ಹೊರಟಿರುವುದು ಸಂತೋಷದ ಸಂಗತಿ. ಹೊರಟ ರೀತಿ ಮಾತ್ರ ತಲೆಕೆಳಗು. ಮೊದಲು ಕಲ್ಲಿನ ಕೊಟೇಶನ್, ಆಮೇಲೆ ಉದ್ಘಾಟಕರ ಹೆಸರು, ಕೊನೆಗೆ ಆಗಸ್ಟ್ 13ರ ರಾತ್ರಿ ಸತ್ತವರ ಹೆಸರು. ಅಷ್ಟು ಹೊತ್ತಿಗೆ ಸಿಕ್ಕಿದ್ದು ಸಿಕ್ಕ ಹಾಗೆ ಕೆತ್ತಿಸಿಬಿಡುತ್ತಾರೆ.

ಈ ಕಾಗದಪತ್ರ, ಪಟ್ಟಿ, ಕಲ್ಲಿನ ಕೆಲಸ ಎಲ್ಲೆಲ್ಲಿ ಎಡವುತ್ತದೆ ಎಂದು ಬಲ್ಲ ಕೆಲವರು ಸೇರಿ ಇದನ್ನು ಬರೆಯುತ್ತಿದ್ದೇವೆ.

ಗೌರವದ ಮೊದಲ ಕೆಲಸ ಮರಣ ಪ್ರಮಾಣಪತ್ರದ್ದು. ಸಾವನ್ನು 21 ದಿನಗಳೊಳಗೆ ನೋಂದಾಯಿಸಬೇಕು. ಹದಿಮೂರನೆಯ ದಿನದ ಬೊಜ್ಜ ಮುಗಿದು ನೆಂಟರು ಬಸ್ಸು ಹತ್ತುವಷ್ಟರಲ್ಲಿ ಉಳಿಯುವುದು ಎಂಟೇ ದಿನ. 21 ದಾಟಿದರೆ 30 ದಿನದವರೆಗೆ ತಡ ಶುಲ್ಕದಲ್ಲಿ ಮುಗಿಯುತ್ತದೆ. ಅಲ್ಲಿಂದ ಒಂದು ವರ್ಷದವರೆಗೆ ಮೇಲಧಿಕಾರಿಯ ಲಿಖಿತ ಅನುಮತಿ ಬೇಕು, ವರ್ಷ ಕಳೆದರೆ ಮ್ಯಾಜಿಸ್ಟ್ರೇಟರ ಆದೇಶ. ಆದರೆ ತಡಕ್ಕಿಂತ ಹೆಚ್ಚು ಕಾಡುವುದು ಹೆಸರು. ಆಸ್ಪತ್ರೆಯ ಕೌಂಟರ್‌ನಲ್ಲಿ ಗಾಬರಿಯಲ್ಲಿರುವ ಅಳಿಯನೋ ನೆರೆಯವನೋ ಬಾಯಿಗೆ ಬಂದ ಹೆಸರು ಹೇಳುತ್ತಾನೆ. ಊರಿಗೆಲ್ಲ ಸಂಜೀವಣ್ಣ ಆದವರು ಪಿಂಚಣಿ ಆದೇಶದಲ್ಲಿ, ಅಂದರೆ ಪಿಪಿಒದಲ್ಲಿ, ಇನಿಶಿಯಲ್ ಮತ್ತು ಕುಲನಾಮ ಸೇರಿಸಿಕೊಂಡು ಬೇರೆಯೇ ಉದ್ದದವರಾಗಿರುತ್ತಾರೆ. ಆದ್ದರಿಂದ ಆಸ್ಪತ್ರೆಗೆ ಹೋಗುವಾಗಲೇ ಪಿಪಿಒ ಪ್ರತಿ ಕಿಸೆಯಲ್ಲಿರಲಿ. ಅದರಲ್ಲಿದ್ದ ಅಕ್ಷರದಂತೆಯೇ ನಮೂನೆ ತುಂಬಲಿ. ಪ್ರಮಾಣಪತ್ರ ಅಚ್ಚಾಗಿ ಬಂದ ಮೇಲೆ ತಿದ್ದುಪಡಿಗೆ ಓಡಾಡುವುದಕ್ಕಿಂತ ಅಲ್ಲಿ ನಿಂತೇ ಎರಡು ಸಲ ಓದುವುದು ಲೇಸು.

ಹೆಂಡತಿಯ ಹೆಸರಿನದು ಇನ್ನೂ ಸಿಕ್ಕು. ಇದು ನಮ್ಮ ಕರಾವಳಿಯದೇ ಸಮಸ್ಯೆ, ಪ್ರಯಾಗರಾಜ್‌ನಲ್ಲಿ ಕುಳಿತ ಪಿಂಚಣಿ ಕಚೇರಿಗೆ ಅರ್ಥವಾಗುವಂಥದ್ದಲ್ಲ. ಅರುವತ್ತು, ಎಪ್ಪತ್ತರ ದಶಕದಲ್ಲಿ ಭರ್ತಿಯಾದವರ ದಾಖಲೆಯಲ್ಲಿ ಪತ್ನಿ 'ಲಕ್ಷ್ಮಿ ಶೆಡ್ತಿ' ಆಗಿರುತ್ತಾರೆ, 'ಗಿರಿಜಾ ಪೂಜಾರ್ತಿ' ಆಗಿರುತ್ತಾರೆ. ಆಧಾರ್ ಬರುವ ಹೊತ್ತಿಗೆ ಅವರೇ ಲಕ್ಷ್ಮಿ ಶೆಟ್ಟಿ, ಗಿರಿಜಾ ಪೂಜಾರಿ. ಅಳಿಯಕಟ್ಟಿನ, ಅಂದರೆ ತಾಯಿಯ ಕಡೆಯಿಂದ ವಂಶ ಎಣಿಸುವ ಮನೆಗಳಲ್ಲಿ ಗಂಡನದೊಂದು ಕುಲನಾಮ, ಹೆಂಡತಿಯದು ತಾಯಿ ಕಡೆಯ ಇನ್ನೊಂದು. ಅದು ಸಹಜವಾದರೂ ದೂರದ ಗುಮಾಸ್ತನಿಗೆ ಇಬ್ಬರೂ ಗಂಡಹೆಂಡಿರೇ ಹೌದೇ ಎಂಬ ಅನುಮಾನ. ಕ್ರೈಸ್ತ ಕುಟುಂಬಗಳಲ್ಲಿ ಮದುವೆಗೆ ಮುಂಚಿನ ಮನೆತನದ ಹೆಸರು ಪಿಪಿಒದಲ್ಲಿ ಉಳಿದಿರುತ್ತದೆ, ಡಿಸೋಜ ಒಂದು ಕಡೆ ದೀರ್ಘ, ಇನ್ನೊಂದು ಕಡೆ ಹ್ರಸ್ವ. ಇದನ್ನು ಸರಿಪಡಿಸುವ ಕಾಲ ಗಂಡ ಬದುಕಿರುವಾಗ. ಅವರೇ ತಮ್ಮ ರೆಕಾರ್ಡ್ಸ್ ಕಚೇರಿಗೆ ಬರೆದು ಪತ್ನಿಯ ಹೆಸರು, ಜನ್ಮದಿನಾಂಕ ತಿದ್ದಿಸಿದರೆ ಒಂದು ಅರ್ಜಿ, ಒಂದು ಅಫಿಡವಿಟ್‌ನಲ್ಲಿ ಬಹುಪಾಲು ಮುಗಿಯುತ್ತದೆ. ಸತ್ತ ಮೇಲೆ ವಿಧವೆ ತಾನು ತಾನೇ ಎಂದು ಸಾಬೀತು ಮಾಡುತ್ತಾ ತಿರುಗಬೇಕು. ಯಾವ ಕಚೇರಿ ಎಂದು ಗೊತ್ತಿಲ್ಲದವರಿಗಾಗಿ: ಮದ್ರಾಸ್ ಸ್ಯಾಪರ್ಸ್‌ನವರದು ಬೆಂಗಳೂರು, ಮರಾಠಾ ಲೈಟ್ ಇನ್‌ಫೆಂಟ್ರಿ ಬೆಳಗಾವಿ, ಮದ್ರಾಸ್ ರೆಜಿಮೆಂಟ್ ವೆಲ್ಲಿಂಗ್ಟನ್, ಆರ್ಟಿಲರಿ ನಾಸಿಕ್ ರೋಡ್, ಸಿಗ್ನಲ್ಸ್ ಜಬಲ್‌ಪುರ, ಇಎಂಇ (ವಿದ್ಯುತ್ ಮತ್ತು ಯಾಂತ್ರಿಕ ಎಂಜಿನಿಯರುಗಳ ದಳ) ಸಿಕಂದರಾಬಾದ್. ನೌಕಾಪಡೆಯ ನಾವಿಕರದು ಮುಂಬೈಯ ಮಾನ್‌ಖುರ್ದ್, ವಾಯುಪಡೆಯದು ದಿಲ್ಲಿಯ ಸುಬ್ರತೋ ಪಾರ್ಕ್.

ಸಂಘಗಳು ವರ್ಷಕ್ಕೊಂದು ಭಾನುವಾರ ಇದಕ್ಕೇ ಇಟ್ಟು, ಸದಸ್ಯರ ಪಿಪಿಒ, ದಂಪತಿಯ ಆಧಾರ್, ಬ್ಯಾಂಕ್ ಪಾಸ್‌ಬುಕ್ ಮೂರನ್ನೂ ಪಕ್ಕಪಕ್ಕ ಇಟ್ಟು ಅಕ್ಷರಕ್ಕಕ್ಷರ ಹೋಲಿಸಿ ನೋಡಲಿ. ಅಂದು ಯಾರೂ ಭಾಷಣ ಮಾಡುವುದು ಬೇಡ.

ಸಾವಿನ ಸುದ್ದಿಯನ್ನು ರಕ್ಷಣಾ ಪಿಂಚಣಿಯ ಆನ್‌ಲೈನ್ ವ್ಯವಸ್ಥೆಯಾದ ಸ್ಪರ್ಶ್‌ನಲ್ಲಿ ದಾಖಲಿಸಬೇಕು. ಮನೆಯವರಿಗೆ ಕಂಪ್ಯೂಟರ್ ಬಾರದಿದ್ದರೆ ಸಾಮಾನ್ಯ ಸೇವಾ ಕೇಂದ್ರದಲ್ಲಿ ಮಾಡಿಸಬಹುದು. ಮರಣ ಪ್ರಮಾಣಪತ್ರ, ಪಿಪಿಒ, ಪತ್ನಿಯ ಆಧಾರ್, ಪ್ಯಾನ್, ಪಾಸ್‌ಬುಕ್ ಜೊತೆಗಿರಲಿ. ಗಂಡನ ಪಿಂಚಣಿ ತೀರಿಕೊಂಡ ದಿನದವರೆಗೆ ಮಾತ್ರ, ಮರುದಿನದಿಂದ ಕುಟುಂಬ ಪಿಂಚಣಿ. ತಿಳಿಸುವುದು ತಡವಾದಷ್ಟು ಕಾಲ ಹಳೆಯ ಪಿಂಚಣಿಯೇ ಖಾತೆಗೆ ಬೀಳುತ್ತಿರುತ್ತದೆ. ಮಗ ಎಟಿಎಂ ಕಾರ್ಡಿನಲ್ಲಿ ತೆಗೆದು ಔಷಧಿಯ ಸಾಲ ತೀರಿಸಿರುತ್ತಾನೆ. ಆರು ತಿಂಗಳಾದ ಮೇಲೆ ಅದು ಹೆಚ್ಚುವರಿ ಪಾವತಿ ಎಂದು ತಾಯಿಯ ಪಿಂಚಣಿಯಿಂದ ಮುರಿದುಕೊಳ್ಳುತ್ತಾರೆ. ನಿವೃತ್ತಿಯ ಬಳಿಕದ ಸಾವಿಗೆ ಸಾಮಾನ್ಯ ಕುಟುಂಬ ಪಿಂಚಣಿ ಮೊದಲು ಹೆಚ್ಚಿನ ದರದಲ್ಲಿ ಬರುತ್ತದೆ: ಸಾವಿನಿಂದ 7 ವರ್ಷ ಅಥವಾ ಮೃತರಿಗೆ 67 ತುಂಬುತ್ತಿದ್ದ ದಿನ, ಯಾವುದು ಮೊದಲೋ ಅಲ್ಲಿಯವರೆಗೆ. ಆಮೇಲೆ ಕೊನೆಯ ವೇತನದ ಶೇ. 30ರ ದರಕ್ಕೆ ಇಳಿಯುತ್ತದೆ. ಇದನ್ನು ಮೊದಲೇ ಹೇಳದಿದ್ದರೆ ಇಳಿದ ತಿಂಗಳು ಪಾಪ, ಆಕೆ ಯಾರೋ ಕದ್ದರು ಎಂದೇ ತಿಳಿಯುತ್ತಾರೆ. ಇಸಿಎಚ್‌ಎಸ್ (ಮಾಜಿ ಸೈನಿಕರ ಆರೋಗ್ಯ ಯೋಜನೆ) ಕಾರ್ಡು, ಕ್ಯಾಂಟೀನ್ ಕಾರ್ಡು ಎರಡನ್ನೂ ಪತ್ನಿಯ ಹೆಸರಿಗೆ ಬದಲಿಸಿಕೊಳ್ಳಬೇಕು. ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಯಲ್ಲಿ ವಿಧವೆಯ ಗುರುತಿನ ಚೀಟಿ ಕೇಳುವಾಗಲೇ ಶವಸಂಸ್ಕಾರದ ನೆರವಿಗೆ ಅರ್ಹತೆಯಿದೆಯೇ, ಸಮೂಹ ವಿಮೆ ಇನ್ನೂ ಚಾಲ್ತಿಯಲ್ಲಿದೆಯೇ ಎಂದು ವಿಚಾರಿಸಿ.

ಇನ್ನು ಅಂತ್ಯಕ್ರಿಯೆ. ಯಾರೇ ಮಾಜಿ ಸೈನಿಕರು ತೀರಿಕೊಂಡರೂ ಅಂಗಡಿಯಿಂದ ಧ್ವಜ ತಂದು ಹೊದಿಸುವುದು ಈಗ ರೂಢಿಯಾಗುತ್ತಿದೆ. ಅಭಿಮಾನ ದೊಡ್ಡದು, ಆದರೆ 1971ರ ರಾಷ್ಟ್ರೀಯ ಗೌರವಕ್ಕೆ ಅವಮಾನ ತಡೆ ಕಾಯ್ದೆಯ ಪ್ರಕಾರ ಸರ್ಕಾರಿ ಗೌರವದ ಅಂತ್ಯಕ್ರಿಯೆ, ಸಶಸ್ತ್ರ ಪಡೆಗಳ ಮತ್ತು ಅರೆಸೇನಾ ಪಡೆಗಳ ಅಂತ್ಯಕ್ರಿಯೆ ಬಿಟ್ಟರೆ ಧ್ವಜವನ್ನು ಹೊದಿಕೆಯಾಗಿ ಬಳಸುವಂತಿಲ್ಲ. ನಿವೃತ್ತರಾಗಿ ಮೂವತ್ತು ವರ್ಷವಾದವರ ಖಾಸಗಿ ಶವಸಂಸ್ಕಾರ ಇದರೊಳಗೆ ಬರುತ್ತದೆಯೇ ಎಂಬುದನ್ನು ಮನೆಯಂಗಳದಲ್ಲಿ ತೀರ್ಮಾನಿಸುವುದು ಬೇಡ. ಸೈನಿಕ ಕಲ್ಯಾಣ ಕಚೇರಿಗೆ ಒಂದು ಫೋನ್ ಮಾಡಿ. ಧ್ವಜ ಹೊದಿಸುವುದೆಂದಾದರೆ ಕೇಸರಿ ತಲೆಯ ಕಡೆಗಿರಬೇಕು. ಚಿತೆಗೆ ಕೊಡುವ, ಗುಂಡಿಗಿಳಿಸುವ ಮೊದಲು ತೆಗೆಯಬೇಕು. ಮಡಚುವ ಕ್ರಮವೂ ಇದೆ: ಧ್ವಜವನ್ನು ಅಡ್ಡಲಾಗಿ ಹಿಡಿದು ಕೇಸರಿಯನ್ನೂ ಹಸಿರನ್ನೂ ಬಿಳಿಯ ಕೆಳಗೆ ಮಡಚಿ, ಆಮೇಲೆ ಎರಡೂ ತುದಿಗಳನ್ನು ಒಳಗೆ ತಂದರೆ ಅಶೋಕಚಕ್ರ ಮೇಲೆ ಉಳಿಯುತ್ತದೆ, ಆಚೀಚೆ ಕೇಸರಿ ಹಸಿರು ಚೂರು ಕಾಣುತ್ತವೆ. ಅದನ್ನು ಎರಡೂ ಅಂಗೈ ಮೇಲೆ ಇಟ್ಟು ಕೊಡುವುದು. ಸೀರೆ ಮಡಚಿದ ಹಾಗೆ ಸುತ್ತಿ ಕಂಕುಳಲ್ಲಿಟ್ಟುಕೊಂಡು ಹೋಗುವುದನ್ನು ಕಂಡರೆ ಕಣ್ಣಿಗೆ ಕಿರಿಕಿರಿ.

ಗುಂಡು ಹಾರಿಸುವ ಗೌರವ ಎಲ್ಲ ನಿವೃತ್ತರಿಗೂ ತಾನಾಗಿ ಬರುವುದಿಲ್ಲ. ಬರಲಿಲ್ಲವೆಂದು ಅಧಿಕಾರಿಗಳ ಜೊತೆ ಶವದೆದುರು ಜಗಳ ಬೇಡ. ಬ್ಯೂಗಲ್‌ಗೆ ಅಷ್ಟು ಕಷ್ಟವಿಲ್ಲ. ಪೊಲೀಸ್ ಬ್ಯಾಂಡ್, ಎನ್‌ಸಿಸಿ ಎರಡೂ ಕಡೆ ಕೇಳಿನೋಡಬಹುದು. ಕ್ರಮ ಇಷ್ಟೇ: ಪುಷ್ಪಚಕ್ರ, ಲಾಸ್ಟ್ ಪೋಸ್ಟ್ ಎಂಬ ವಿದಾಯದ ಬ್ಯೂಗಲ್ ನಾದ, ಎರಡು ನಿಮಿಷ ಮೌನ, ಆಮೇಲೆ ರೌಸ್ ಎಂಬ ಎಚ್ಚರಿಸುವ ನಾದ. ಬ್ಯೂಗಲರ್ ಸಿಗದೆ ಮೊಬೈಲಿನಿಂದ ಕೇಳಿಸುವುದಾದರೆ ಹಿಂದಿನ ರಾತ್ರಿಯೇ ಡೌನ್‌ಲೋಡ್ ಮಾಡಿ ಫೋನನ್ನು ಫ್ಲೈಟ್ ಮೋಡಿಗೆ ಹಾಕಿ. ಸ್ಮಶಾನದಲ್ಲಿ ಯೂಟ್ಯೂಬ್ ತೆರೆದರೆ ಲಾಸ್ಟ್ ಪೋಸ್ಟ್‌ಗೆ ಮೊದಲು ಸಾಬೂನಿನ ಜಾಹೀರಾತು ಬರುತ್ತದೆ. ಒಂದೇ ಕಡತದಲ್ಲಿ ಲಾಸ್ಟ್ ಪೋಸ್ಟ್, ಖಾಲಿ ಎರಡು ನಿಮಿಷ, ರೌಸ್ ಮೂರನ್ನೂ ಜೋಡಿಸಿಟ್ಟುಕೊಂಡರೆ ಗಡಿಯಾರ ನೋಡುವ ಕೆಲಸವೂ ಇಲ್ಲ. ನಾವು ಕಂಡಂತೆ ಅಂದಾಜಿನ ಎರಡು ನಿಮಿಷ ನಲವತ್ತು ಸೆಕೆಂಡಿಗೇ ಮುಗಿಯುತ್ತದೆ.

ಸುದ್ದಿ ಹರಡುವ ಮುನ್ನ ಮನೆಯವರ ಜೊತೆ ಮಾತಾಡಿ ಖಚಿತಪಡಿಸಿಕೊಳ್ಳಿ. ಒಂದೇ ಊರಲ್ಲಿ ಒಂದೇ ಹೆಸರಿನ ಇಬ್ಬರು ಮಾಜಿ ಸೈನಿಕರಿರುವುದು ನಮ್ಮಲ್ಲಿ ಅಪರೂಪವಲ್ಲ. ಆಸ್ಪತ್ರೆ ಸೇರಿದವರೊಬ್ಬರು, ಓಂ ಶಾಂತಿ ಬಿದ್ದದ್ದು ಇನ್ನೊಬ್ಬರಿಗೆ.

ಪಟ್ಟಿಗೆ ಬರೋಣ. ಮೊದಲ ಪ್ರಶ್ನೆ, ಯಾರ ಹೆಸರು? ದಿಲ್ಲಿಯ ರಾಷ್ಟ್ರೀಯ ಯುದ್ಧ ಸ್ಮಾರಕ 2019ರ ಫೆಬ್ರವರಿ 25ರಂದು ತೆರೆದಾಗ ಅದರ ತ್ಯಾಗಚಕ್ರದ ಗೋಡೆಗಳಲ್ಲಿ ಇಪ್ಪತ್ತೈದು ಸಾವಿರಕ್ಕೂ ಹೆಚ್ಚು ಹೆಸರುಗಳಿದ್ದವು, ಎಲ್ಲವೂ ಸ್ವಾತಂತ್ರ್ಯಾನಂತರದ ಕಾರ್ಯಾಚರಣೆಗಳಲ್ಲಿ ಪ್ರಾಣ ಕೊಟ್ಟವರದು. 2023ರ 'ಮೇರಿ ಮಾಟಿ ಮೇರಾ ದೇಶ್' ಅಭಿಯಾನದ ಶಿಲಾಫಲಕಗಳಿಗೆ ಸ್ವಾತಂತ್ರ್ಯ ಹೋರಾಟಗಾರರು, ಅರೆಸೇನಾ ಪಡೆ, ಪೊಲೀಸರು ಕೂಡ ಸೇರಿದರು. ಊರಿನ ಪಟ್ಟಿ ಇವೆರಡರಂತೆಯೂ ಅಲ್ಲ. ಕಾಳಗದಲ್ಲಿ ಮಡಿದವರದೊಂದು ಶೀರ್ಷಿಕೆ, ಸೇವೆ ಮುಗಿಸಿ ತೀರಿಕೊಂಡವರದೊಂದು ಶೀರ್ಷಿಕೆ ಇರಲಿ. ಎರಡನ್ನೂ ಒಂದೇ 'ಹುತಾತ್ಮರು' ಎಂಬ ತಲೆಬರಹದಡಿ ತುರುಕಿದರೆ ನಿಜವಾಗಿ ಗುಂಡಿಗೆ ಎದೆಕೊಟ್ಟವನಿಗೂ ಅನ್ಯಾಯ, ಎಂಬತ್ತರಲ್ಲಿ ಸುಖವಾಗಿ ಕಣ್ಣುಮುಚ್ಚಿದವರಿಗೂ ಮುಜುಗರ. ಇಂಗ್ಲಿಷಿನ 'ಮಾರ್ಟಿರ್' ಪದವನ್ನು ಬಳಸಬೇಡಿರೆಂದು ಸೇನೆಯೇ 2022ರಲ್ಲಿ ತನ್ನ ಘಟಕಗಳಿಗೆ ತಿಳಿಸಿತ್ತು. ನಮ್ಮ 'ಹುತಾತ್ಮ' ಜನರ ಬಾಯಲ್ಲಿ ನೆಲೆ ನಿಂತ ಮಾತು, ಅದನ್ನು ಬಿಡಿ ಎನ್ನುವುದಿಲ್ಲ, ಸಲ್ಲುವವರಿಗೆ ಸಲ್ಲಲಿ. ಎರಡನೆಯ ಪಟ್ಟಿಗೆ 'ಅಗಲಿದ ಮಾಜಿ ಸೈನಿಕರು' ಸಾಕು. ಬಿಎಸ್ಎಫ್, ಸಿಆರ್‌ಪಿಎಫ್‌ನವರು ನಿಯಮದ ಪ್ರಕಾರ ಮಾಜಿ ಸೈನಿಕರಲ್ಲ, ಆದರೆ ಊರಿನ ಕಲ್ಲಿಗೆ ಆ ನಿಯಮದ ಹಂಗಿಲ್ಲ. ಪಡೆಯ ಹೆಸರು ಸರಿಯಾಗಿ ಬರೆದು ಸೇರಿಸಿಕೊಳ್ಳಿ. ಹೆಸರಿನ ಹಿಂದೆ ಸ್ವರ್ಗೀಯ, ಮರ್ಹೂಂ, ದೆವಾಧೀನ್ ಎಂದು ಒಬ್ಬೊಬ್ಬರಿಗೆ ಒಂದೊಂದು ಹಾಕುವ ಪಂಚಾಯ್ತಿಕೆಯೂ ಬೇಡ. ಕಲ್ಲಿನ ಮೇಲಿರುವವರೆಲ್ಲ ತೀರಿಕೊಂಡವರೆಂದು ತಲೆಬರಹವೇ ಹೇಳುತ್ತದಲ್ಲ.

ಹುದ್ದೆ ಬರೆಯುವಲ್ಲಿ ಆಗುವ ತಪ್ಪಿಗೆ ಲೆಕ್ಕವಿಲ್ಲ. ಅತಿ ಸಾಮಾನ್ಯವಾದದ್ದು 'ನಾಯಕ್'. ಅದು ಸೇನೆಯ ಹುದ್ದೆಯೂ ಹೌದು, ನಮ್ಮಲ್ಲಿ ಕುಲನಾಮವೂ ಹೌದು. ಎರಡೂ ಒಬ್ಬರಲ್ಲೇ ಸೇರಿದರೆ ಟೈಪ್ ಮಾಡುವವನು ಎರಡು ಸಲ ಬಂದಿದೆ ಎಂದು ಒಂದನ್ನು ಅಳಿಸುತ್ತಾನೆ. ಪಾಪ, ಹುದ್ದೆ ಹೋಗಿ ಜಾತಿ ಉಳಿಯುತ್ತದೆ. ಲ್ಯಾನ್ಸ್ ನಾಯಕ್ 'ಲಾಯ್ಸ್ ನಾಯ್ಕ' ಆಗುತ್ತದೆ. ಭೂಸೇನೆಯ ಕ್ಯಾಪ್ಟನ್ ಬೇರೆ, ನೌಕಾಪಡೆಯ ಕ್ಯಾಪ್ಟನ್ ಕರ್ನಲ್‌ಗೆ ಸಮ. ಮಂಗಳೂರಿನಲ್ಲಿ ಸರಕು ಹಡಗಿನ ಕ್ಯಾಪ್ಟನ್‌ಗಳೂ ಸಾಕಷ್ಟಿರುವುದರಿಂದ ಪಡೆಯ ಹೆಸರಿಲ್ಲದೆ ಬರಿಯ 'ಕ್ಯಾಪ್ಟನ್' ಎಂದರೆ ಏನೂ ತಿಳಿಯದು. ನಿವೃತ್ತಿಯ ಹೊತ್ತಿಗೆ ಅಥವಾ ಜನವರಿ 26, ಆಗಸ್ಟ್ 15ರ ಪಟ್ಟಿಯಲ್ಲಿ ಗೌರವ ಹುದ್ದೆ ಪಡೆದವರಿದ್ದರೆ ಆ ಹುದ್ದೆ ಬಿಟ್ಟುಹೋಗಬಾರದು, ಅದು ಅವರು ಕೊನೆಯಲ್ಲಿ ಗಳಿಸಿದ್ದು. 'ನಿವೃತ್ತ' ಎಂಬ ಮಾತು ಹುದ್ದೆಯ ಜೊತೆ ಬೇಡ. ಹುದ್ದೆ ನಿವೃತ್ತವಾಗುವುದಿಲ್ಲ, ವ್ಯಕ್ತಿ ನಿವೃತ್ತನಾಗುವುದು, ಹಾಗಾಗಿ ಹೆಸರಿನ ಕೊನೆಯಲ್ಲಿ ಬರೆಯುತ್ತಾರೆ. ಸತ್ತವರ ಕಲ್ಲಿನಲ್ಲಿ ಅದೂ ಬೇಕಿಲ್ಲ. ಶೌರ್ಯ ಪದಕ, ವಿಶಿಷ್ಟ ಸೇವಾ ಪದಕ ಇದ್ದರೆ ಹೆಸರಾದ ಮೇಲೆ ಬರಲಿ. ಎಲ್ಲರಿಗೂ ಸಿಗುವ ಸೇವಾ ಪದಕಗಳನ್ನು ಸಾಲಾಗಿ ಬರೆಯುವುದು ಕ್ರಮವಲ್ಲ.

ಇದನ್ನೆಲ್ಲ ಎಲ್ಲಿಂದ ಖಚಿತಪಡಿಸಿಕೊಳ್ಳುವುದು? ಡಿಸ್ಚಾರ್ಜ್ ಬುಕ್, ಪಿಪಿಒ, ಮಾಜಿ ಸೈನಿಕರ ಗುರುತಿನ ಚೀಟಿ, ಈ ಮೂರರಲ್ಲಿ ಎರಡಾದರೂ ಹೊಂದಬೇಕು. ಕಾಗದವೆಲ್ಲ ಗೆದ್ದಲು ತಿಂದು ಹೋಗಿದ್ದರೆ ಪದಕ ನೋಡಿ. ಪದಕದ ಮುಖವಲ್ಲ, ಅಂಚು. ನಾಣ್ಯದ ಅಂಚಿನಷ್ಟೇ ದಪ್ಪದ ಆ ಪಟ್ಟಿಯಲ್ಲಿ ಸಾಮಾನ್ಯವಾಗಿ ಸೇನಾ ಸಂಖ್ಯೆ, ಹುದ್ದೆ, ಹೆಸರು, ಘಟಕವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಒತ್ತಿರುತ್ತಾರೆ. ಟಾರ್ಚನ್ನು ನೇರ ಹಿಡಿಯದೆ ಪಕ್ಕದಿಂದ ಓರೆಯಾಗಿ ಬೆಳಕು ಬಿಟ್ಟು, ಭೂತಗನ್ನಡಿಯಲ್ಲಿ ಪದಕವನ್ನು ನಿಧಾನಕ್ಕೆ ತಿರುಗಿಸುತ್ತಾ ಹೋದರೆ ಒಂದೊಂದೇ ಅಕ್ಷರ ನೆರಳು ಹೊತ್ತು ಏಳುತ್ತದೆ. ಹುದ್ದೆ ಮಾತ್ರ ಪದಕ ಸಿಕ್ಕ ಕಾಲದ್ದು, ಕೊನೆಯದ್ದಲ್ಲ. ಮನೆಯವರು ಹಬ್ಬಕ್ಕೆ ದೀಪದ ಕಂಬದ ಜೊತೆ ಪದಕಕ್ಕೂ ಹುಣಸೆಹುಳಿ ಹಚ್ಚಿ ತಿಕ್ಕಿದ್ದರೆ ಆ ಅಕ್ಷರಗಳು ಸವೆದು ಹೋಗಿರುತ್ತವೆ. ಒಣ ಹತ್ತಿಬಟ್ಟೆಯಲ್ಲಿ ಒರಸಿ, ರಿಬ್ಬನ್ನಿಗೆ ಮಳೆಗಾಲದಲ್ಲಿ ಬೂಸ್ಟು ಹಿಡಿಯದಂತೆ ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಟ್ಟರೆ ಅದೇ ದೊಡ್ಡ ಉಪಕಾರ.

ಸಂಘದ ಒಳ ರಿಜಿಸ್ಟರಿನಲ್ಲಿ ಸೇನಾ ಸಂಖ್ಯೆ, ಘಟಕ, ಭರ್ತಿ ಮತ್ತು ಬಿಡುಗಡೆಯ ದಿನ, ಭಾಗವಹಿಸಿದ ಕಾರ್ಯಾಚರಣೆ, ಮರಣದ ದಿನ, ವಾರಸುದಾರರು ಎಲ್ಲ ಇರಲಿ. ಹೊರಗೆ ಹಾಕುವ ಫಲಕಕ್ಕೆ, ಪತ್ರಿಕೆಯ ಶ್ರದ್ಧಾಂಜಲಿಗೆ ಹುದ್ದೆ, ಹೆಸರು, ಮನೆ ಅಥವಾ ಗುತ್ತಿನ ಹೆಸರು, ವರ್ಷ ಸಾಕು. ಪಿಪಿಒ ಸಂಖ್ಯೆ, ಜನ್ಮದಿನ, ಮೊಬೈಲ್ ನಂಬರ್ ಹಾಕಿದ ಮರುದಿನವೇ ಪಿಂಚಣಿ ಕಚೇರಿಯಿಂದ ಮಾತಾಡುತ್ತಿದ್ದೇವೆ ಎಂದು ಹಿಂದಿಯಲ್ಲಿ ಒಟಿಪಿ ಕೇಳುವ ಕರೆ ವಿಧವೆಗೆ ಬಂದೀತು.

ದೇಹವೇ ಸಿಗದವರ ಮಾತೂ ಇದೆ. 1971ರ ಡಿಸೆಂಬರ್ 9ರಂದು ಮುಳುಗಿದ ಖುಕ್ರಿ ಯುದ್ಧನೌಕೆಯ 18 ಅಧಿಕಾರಿಗಳು, 176 ನಾವಿಕರಿಗೆ ಕಡಲೇ ಗೋರಿ. 2016ರ ಜುಲೈ 22ರಂದು ತಾಂಬರಂನಿಂದ ಪೋರ್ಟ್ ಬ್ಲೇರ್‌ಗೆ ಹೊರಟ ವಾಯುಪಡೆಯ ಎಎನ್-32 ವಿಮಾನ 29 ಜನರೊಂದಿಗೆ ಕಣ್ಮರೆಯಾಯಿತು. ಅವಶೇಷ ಅದೇ ವಿಮಾನದ್ದೆಂದು ತಿಳಿದದ್ದು 2024ರ ಜನವರಿಯಲ್ಲಿ, ಸುಮಾರು 3,400 ಮೀಟರ್ ಆಳದಲ್ಲಿ. ಇಂಥವರ ಹೆಸರಿನ ಮುಂದೆ ಯಾವ ದಿನ ಬರೆಯುವುದು? ಅಧಿಕೃತ ಘೋಷಣೆ ಬರುವ ತನಕ ಕಾಯಿರಿ, ಬಂದ ಮೇಲೆ ಕಣ್ಮರೆಯಾದ ದಿನವನ್ನೇ ಬರೆಯಿರಿ. ಆದರೆ ಮನೆಯವರು ಒಪ್ಪದೆ ಕೆತ್ತಬೇಡಿ.

ಈಗ ಕಲ್ಲು. ನಮ್ಮ ನಾಡಿನ ವೀರಗಲ್ಲುಗಳಲ್ಲಿ ಕೆಳಗೆ ಕಾಳಗ, ನಡುವೆ ಅಪ್ಸರೆಯರು ಒಯ್ಯುವುದು, ಮೇಲೆ ಶಿವಸನ್ನಿಧಿ. ಕಲ್ಲು ನಿಂತದ್ದೇ ಸತ್ತವನಿಗಾಗಿ. ಈಗಿನ ಫಲಕಗಳಲ್ಲಿ ಅರ್ಧ ಕಲ್ಲು ಶಾಸಕರು, ಅಧ್ಯಕ್ಷರು, ಸದಸ್ಯರಿಗೇ ಹೋಗುತ್ತದೆ. ಉದ್ಘಾಟನೆಯ ವಿವರವನ್ನು ಬೇರೆ ಸಣ್ಣ ಕಲ್ಲಿಗೆ ಕಳಿಸಿ.

ಅಳತೆ ಹೇಳುತ್ತೇವೆ. ಎರಡು ಮೂರು ಮೀಟರ್ ದೂರದಿಂದ ವಯಸ್ಸಾದ ಕಣ್ಣಿಗೆ ಓದಲು ಅಕ್ಷರ 25 ಮಿ.ಮೀ. ಎತ್ತರ ಬೇಕು. ಕನ್ನಡದಲ್ಲಿ ಒತ್ತಕ್ಷರ ಕೆಳಗಿಳಿಯುವುದರಿಂದ ಸಾಲಿನಿಂದ ಸಾಲಿಗೆ 50 ಮಿ.ಮೀ. ಬೇಕು. ಇಂಗ್ಲಿಷ್ ಫಲಕದ ಅಳತೆಯಲ್ಲಿ 35ಕ್ಕೆ ಇಟ್ಟರೆ ಕೃಷ್ಣಪ್ಪನ ಪಕಾರದ ಒತ್ತು ಕೆಳಗಿನ ಸಾಲಿನವರ ತಲೆಕಟ್ಟಿಗೆ ತಾಗಿ ಎರಡೂ ಹೆಸರು ಕೆಡುತ್ತವೆ. ಈ ಲೆಕ್ಕದಲ್ಲಿ ನಾಲ್ಕಡಿ ಎತ್ತರ, ಮೂರಡಿ ಅಗಲದ ಕಲ್ಲಿಗೆ ತಲೆಬರಹ, ಅಂಚು ಬಿಟ್ಟು ಸುಮಾರು ಹದಿನೆಂಟು ಹೆಸರು. ಅರುವತ್ತು ಹೆಸರು ತುಂಬಿಸಿ ಎಂದರೆ ಕೆತ್ತುವವನು ತುಂಬಿಸಿ ಕೊಡುತ್ತಾನೆ, ಓದುವುದಕ್ಕಾಗುವುದಿಲ್ಲ ಅಷ್ಟೇ. ಕ್ರಮ ಅಕಾರಾದಿ ಬೇಡ, ಹುದ್ದೆಯ ಹಿರಿತನವಂತೂ ಬೇಡವೇ ಬೇಡ. ತೀರಿಕೊಂಡ ವರ್ಷದ ಕ್ರಮ ಇಟ್ಟರೆ ಮುಂದಿನ ಹೆಸರು ಕೆಳಗೆ ಸೇರಿಸುತ್ತಾ ಹೋಗಬಹುದು. ಎರಡನೆಯ ಕಲ್ಲಿಗೂ ಈಗಲೇ ಜಾಗ ಬಿಡಿ.

ಮಳೆಗೆ ಒಡ್ಡುವ ಕಲ್ಲಿಗೆ ಲೇಸರ್ ಬರಹ ಬೇಡ, ಅದು ಮೇಲ್ಮೈಯ ಗೀರು ಮಾತ್ರ. ಸ್ಯಾಂಡ್‌ಬ್ಲಾಸ್ಟ್ ಅಥವಾ ಉಳಿಯ ಕೆತ್ತನೆ, ಆಳ 3 ಮಿ.ಮೀ.ಗೆ ಕಡಿಮೆಯಿಲ್ಲದಂತೆ. ಬಂಗಾರದ ಬಣ್ಣ ತುಂಬಿದರೆ ಉದ್ಘಾಟನೆಯ ದಿನ ಚಂದ, ಎರಡು ಮೂರು ಮಳೆಗಾಲಕ್ಕೆ ಅಲ್ಲಲ್ಲಿ ಎದ್ದು ಹೆಸರು ಬೇರೆಯೇ ಓದಿಸುತ್ತದೆ. ಪಾಲಿಶ್ ಮಾಡಿದ ಕಪ್ಪು ಗ್ರಾನೈಟಿನಲ್ಲಿ ಕೆತ್ತಿದ ಜಾಗ ತಾನೇ ಬೂದು ಬಣ್ಣಕ್ಕೆ ಎದ್ದು ಕಾಣುತ್ತದೆ, ಬಣ್ಣವೇ ಬೇಕಿಲ್ಲ. ಕಾರ್ಕಳದ ಬೂದು ಕಲ್ಲು ಗಟ್ಟಿ, ಕಂಬಕ್ಕೆ, ಪೀಠಕ್ಕೆ ಹೇಳಿ ಮಾಡಿಸಿದ್ದು. ಸಣ್ಣ ಅಕ್ಷರಕ್ಕೆ ಅದರ ಚುಕ್ಕೆಗಳು ಅಡ್ಡ ಬರುತ್ತವೆ.

ಅಕ್ಷರ ಜೋಡಣೆಯಲ್ಲೇ ಹೆಚ್ಚು ಅನಾಹುತ. ಪಂಚಾಯತ್‌ನವರು ಯುನಿಕೋಡ್‌ನಲ್ಲಿ ಕಳಿಸುತ್ತಾರೆ, ಕಲ್ಲಿನ ಅಂಗಡಿಯ ಕೋರೆಲ್‌ಡ್ರಾ ತಂತ್ರಾಂಶ ಹಳೆಯದು, ಅಲ್ಲಿ 'ನುಡಿ' ತಂತ್ರಾಂಶದ ಹಳೆಯ ಫಾಂಟಿಗೆ ಪರಿವರ್ತಿಸುವಾಗ ಅರ್ಕಾವೊತ್ತು ಹಿಂದಿನ ಅಕ್ಷರಕ್ಕೆ ಜಿಗಿಯುತ್ತದೆ, ಒತ್ತು ಕಳಚಿ ಪಕ್ಕಕ್ಕೆ ಕೂರುತ್ತದೆ, ಅರ್ಧಾಕ್ಷರ ಪೂರ್ಣವಾಗುತ್ತದೆ. ಹವಾಲ್ದಾರ್ 'ಹವಾಲದಾರ' ಆಗುವುದು ಹೀಗೆ. ಮೊಬೈಲ್ ಪರದೆಯಲ್ಲಿ ನೋಡಿ ಸರಿ ಎನ್ನಬೇಡಿ. ಕೆತ್ತುವ ಅಳತೆಯಲ್ಲೇ ಕಾಗದಕ್ಕೆ ಮುದ್ರಿಸಿ ಪಂಚಾಯತ್ ಗೋಡೆಗೆ ಹದಿನೈದು ದಿನ ಅಂಟಿಸಿ. ಪ್ರತಿ ಮನೆಯವರು ಬಂದು ತಮ್ಮವರ ಸಾಲಿನ ಪಕ್ಕ ಸಹಿ ಹಾಕಲಿ. ಸಹಿಯಿಲ್ಲದ ಸಾಲು ಕಲ್ಲಿಗೆ ಹೋಗಕೂಡದು. ಕಾಗದ ಹರಿದು ಇನ್ನೊಂದು ಹಚ್ಚಲು ಇನ್ನೂರು ರೂಪಾಯಿ ಸಾಕು. ಕಲ್ಲಿನಲ್ಲಿ ತಪ್ಪಿದರೆ ಎಂಸೀಲ್ ಮೆತ್ತಿ ತಿದ್ದಿದ ಗಾಯ ಆ ಮನೆಯವರಿಗೆ ಪ್ರತಿ ವರ್ಷ ಕಾಣುತ್ತದೆ.

ಕೂರಿಸುವಾಗ: 20 ಮಿ.ಮೀ. ದಪ್ಪದ ಆ ಅಳತೆಯ ಕಲ್ಲು 60 ಕಿಲೊಗೂ ಹೆಚ್ಚು ತೂಗುತ್ತದೆ, ಬರಿಯ ಗಾರೆ ನಂಬಬೇಡಿ. ನಾಲ್ಕು ಮೂಲೆಗೆ ಸ್ಟೇನ್‌ಲೆಸ್ ಪಿನ್ನು ಬೇಕು, ಅದೂ 316 ದರ್ಜೆಯದು. 304 ಕಡಲ ಗಾಳಿಗೆ ಚಹಾ ಬಣ್ಣಕ್ಕೆ ತಿರುಗುತ್ತದೆ. ಸಾದಾ ಕಬ್ಬಿಣ ತುಕ್ಕು ಹಿಡಿದು ಉಬ್ಬಿ ಕಲ್ಲನ್ನೇ ಮೂಲೆಯಿಂದ ಸೀಳುತ್ತದೆ. ಗೋಡೆ ಕೆಂಪುಕಲ್ಲಿನದಾದರೆ ಅದು ಆಟಿ ತಿಂಗಳ (ಜುಲೈ-ಆಗಸ್ಟ್) ಮಳೆಯನ್ನೆಲ್ಲ ಕುಡಿದು ಕೆಂಪು ನೀರು ಬಿಡುತ್ತದೆ, ಆದ್ದರಿಂದ ಹಿಂದೆ ಒಂದು ಸೆಂ.ಮೀ. ಸಂದು ಬಿಟ್ಟು ಕೆಳಗೆ ನೀರು ಇಳಿಯಲು ದಾರಿ ಮಾಡಿ. ಬರಹದ ಮುಖ ನೈಋತ್ಯಕ್ಕೆ ಬೇಡ, ಮುಂಗಾರಿನ ಎರಚಲು ಬರುವುದೇ ಆ ಕಡೆಯಿಂದ. ಪೂರ್ವ ಅಥವಾ ಉತ್ತರಕ್ಕಿರಲಿ. ಮೇಲೆ ಎರಡಡಿ ಮಾಡಿನ ಚಾಚು ಇದ್ದರೆ ಪಾಚಿಯ ಕಾಟ ಅರ್ಧ ಕಡಿಮೆ. ಅಕ್ಟೋಬರಿನಲ್ಲಿ ಮಳೆ ನಿಂತ ಮೇಲೆ ನೀರು, ಮೆದು ನೈಲಾನ್ ಬ್ರಶ್ಶು ಸಾಕು. ಬಚ್ಚಲಿಗೆ ಹಾಕುವ ಆ್ಯಸಿಡ್ ತರಬೇಡಿ, ಸಂದಿನ ಸಿಮೆಂಟನ್ನೂ ಪಿನ್ನನ್ನೂ ತಿನ್ನುತ್ತದೆ.

ದಿನ ಯಾವುದು? ಜುಲೈ 26 ಆಟಿ ತಿಂಗಳಲ್ಲಿ ಬರುತ್ತದೆ. ಮನೆಮನೆಯಲ್ಲಿ ಕುಲೆಗಳಿಗೆ, ಅಂದರೆ ತೀರಿಕೊಂಡ ಹಿರಿಯರಿಗೆ ಬಡಿಸುವ ಕಾಲ, ಅರ್ಥಕ್ಕೆ ಒಪ್ಪುತ್ತದೆ. ಆದರೆ ಆ ಮಳೆಯಲ್ಲಿ ಎಂಬತ್ತರ ವಿಧವೆಯರನ್ನು ಗುಡ್ಡೆ ಹತ್ತಿಸುವುದು ಕಷ್ಟ. ಕಾರ್ಗಿಲ್ ದಿನವನ್ನು ಕಾರ್ಗಿಲ್‌ಗೇ ಬಿಟ್ಟು ಊರಿನ ಪಟ್ಟಿಗೆ ಜನವರಿ 14 ಇಟ್ಟುಕೊಳ್ಳಬಹುದು. 1953ರ ಆ ದಿನ ಕಾರ್ಯಪ್ಪನವರು ಸೇನೆಯ ಮುಖ್ಯಸ್ಥ ಹುದ್ದೆಯಿಂದ ನಿವೃತ್ತರಾದದ್ದರ ನೆನಪಿಗೆ ಅದನ್ನು ಮಾಜಿ ಸೈನಿಕರ ದಿನವೆಂದು ಆಚರಿಸುತ್ತಾರೆ. ಸಂಕ್ರಾಂತಿಯ ಗಡಿಬಿಡಿಯಿದ್ದರೆ ಬೆಳಿಗ್ಗೆ ಎಂಟಕ್ಕೇ ಮುಗಿಸಿ. ಭಾಷಣದ ಬದಲು ಪಟ್ಟಿ ಓದಲಿ: ಹುದ್ದೆ, ಹೆಸರು, ಮನೆ, ವರ್ಷ, ಒಂದು ಉಸಿರಿನ ಬಿಡುವು. ನಿಮಿಷಕ್ಕೆ ಎಂಟು ಹೆಸರಿಗಿಂತ ವೇಗ ಬೇಡ. ಅರುವತ್ತು ಹೆಸರಿದ್ದರೂ ಎಂಟು ನಿಮಿಷದೊಳಗೆ ಮುಗಿಯುತ್ತದೆ. ಓದುವವರು ಹಿಂದಿನ ದಿನ ಅನುಮಾನವಿದ್ದ ಮನೆಗಳಿಗೆ ಫೋನ್ ಮಾಡಿ ಉಚ್ಚಾರ ಕೇಳಿಕೊಳ್ಳಲಿ. ಕೊಂಕಣಿ, ಬ್ಯಾರಿ ಮನೆಗಳ ಹೆಸರು ಕಾಗದದಲ್ಲಿ ಇರುವಂತೆ ಬಾಯಲ್ಲಿ ಇರುವುದಿಲ್ಲ. ಆ ವರ್ಷ ಹೊಸದಾಗಿ ಸೇರಿದ ಹೆಸರುಗಳನ್ನು ಕೊನೆಗೆ ಓದಿ, ಅವರ ಮನೆಯವರಿಗೆ ಮುಂದಿನ ಸಾಲಿನಲ್ಲಿ ಬೆನ್ನಿಗೆ ಆಸರೆಯಿರುವ ಕುರ್ಚಿ ಹಾಕಿಸಿ.

ಇತಿ,
ಮಾಜಿ ಸೈನಿಕರ ದಾಖಲೆ ಕೆಲಸದಲ್ಲಿ ತೊಡಗಿರುವ ಕೆಲವರು
ಮಂಗಳೂರು